ಮೈನಸ್ ಎಲ್ಲಿ ತಪ್ಪಿತು?

ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಮುಗಿಸಿದ ನಾವು ನಾಲ್ವರು ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಸುದ್ದಿ ಕಳಿಸುತ್ತೇವೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವುದು ಅಡಿಕೆ ಧಾರಣೆ, ತುಂಗಭದ್ರೆಯ ನೀರಿನ ಮಟ್ಟ, ಬೈಕ್ ಅಪಘಾತ. ಕಳೆದ ವರ್ಷ ಮೇ ತಿಂಗಳಲ್ಲಿ ಮಾತ್ರ ಗಣಿತದ ನೋಟ್‌ಬುಕ್ಕಿನ ಫೋಟೊಗಳು ಬರತೊಡಗಿದವು.

ಅವು ಜಗಳೂರಿನ ಗೆಳೆಯನ ಅಣ್ಣನ ಮಗಳವು. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಗಣಿತ ಒಂದರಲ್ಲೇ ಫೇಲಾಗಿದ್ದಳು. ಎರಡನೇ ಪರೀಕ್ಷೆಗೆ ಮೂರು ವಾರವೂ ಇರಲಿಲ್ಲ. ಪಾಸಾದರೆ ಪಿಯುಸಿ. ಇಲ್ಲದಿದ್ದರೆ ಏನು ಎಂಬುದಕ್ಕೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗಿತ್ತು. ಅವಳಿಗೆ ಹದಿನಾರು. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ ಎಂದು ಸುದ್ದಿ ಬರೆಯುವವರು ನಾವು. ನಮ್ಮದೇ ಮನೆಯಲ್ಲಿ ಅದನ್ನು ಹೇಳಲು ಬಾಯಿ ಬರಲಿಲ್ಲ. ಲೆಕ್ಕ ಹೇಳಿಕೊಡುವುದು ಸುಲಭ ಅನ್ನಿಸಿತು.

'ಚಿಕ್ಕಪ್ಪಾ, ಲೆಕ್ಕ ಎಲ್ಲಾ ಗೊತ್ತೈತಿ. ಕೊನಿಗೆ ಉತ್ತರಾನೇ ತಪ್ಪು ಬರ್ತೈತಿ' ಎಂದು ಧ್ವನಿ ಸಂದೇಶ ಕಳಿಸಿದ್ದಳು.

ಲೆಕ್ಕ ಇದು: ಎಕ್ಸ್² − ಎಕ್ಸ್ − 12 ಅನ್ನು ಅಪವರ್ತಿಸಿ. ಗುಣಿಸಿದರೆ −12, ಕೂಡಿದರೆ −1 ಬರುವ ಎರಡು ಸಂಖ್ಯೆ ಬೇಕು. 3 ಮತ್ತು −4 ಎಂದು ಸರಿಯಾಗಿಯೇ ಹುಡುಕಿದ್ದಳು. ಮಧ್ಯಪದ ಒಡೆದು ಎಕ್ಸ್² + 3ಎಕ್ಸ್ − 4ಎಕ್ಸ್ − 12 ಎಂದು ಬರೆದದ್ದೂ ಸರಿ. ಮುಂದಿನ ಸಾಲು: ಎಕ್ಸ್(ಎಕ್ಸ್ + 3) − 4(ಎಕ್ಸ್ − 3). ಎಡವಿದ್ದು ಇಲ್ಲಿ. ಆಮೇಲಿನ ಹತ್ತು ಲೆಕ್ಕ ನೋಡಿದೆವು. ಎಂಟರಲ್ಲಿ ಇದೇ ತಪ್ಪು.

'ಚಿಹ್ನೆ ಬದಲಾಗುತ್ತೆ' ಎಂದರೆ 'ಯಾಕೆ?' ಎಂದಳು. ನ್ಯಾಮತಿಯ ಗೆಳೆಯ ಸಾಲದ ಮಾತು ತೆಗೆದ. ಗಣಿತದ ಕನ್ನಡದಲ್ಲಿ ಮೈನಸ್ ಸಂಖ್ಯೆಗೆ ಋಣ, ಪ್ಲಸ್ ಸಂಖ್ಯೆಗೆ ಧನ ಅನ್ನುತ್ತೇವಲ್ಲ. ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಈ ಹೆಸರುಗಳಲ್ಲೇ ನಿಯಮ ಹೇಳಿದ್ದಾನೆ: ಋಣವನ್ನು ಋಣದಿಂದ ಗುಣಿಸಿದರೆ ಧನ. −4ಎಕ್ಸ್, −12 ಎರಡೂ ಸಾಲವೇ. ಸಾಲ ಎಂಬ ಗುರುತನ್ನು 4ರ ಜೊತೆ ಆವರಣದ ಹೊರಗೆ ತಂದ ಮೇಲೆ ಒಳಗೆ ಮತ್ತೆ ಸಾಲ ಉಳಿಯಬಾರದು. ಉಳಿಸಿದರೆ −4 ಮತ್ತು −3 ಗುಣಿಸಿ +12 ಆಗುತ್ತದೆ. ಹನ್ನೆರಡು ಸಾವಿರ ಸಾಲ ಇದ್ದವನ ಖಾತೆಯಲ್ಲಿ ಹನ್ನೆರಡು ಸಾವಿರ ಜಮೆ ತೋರಿಸಿದಂತೆ. ಹಾಗಾಗಿ −4(ಎಕ್ಸ್ + 3). ಆಗ ಎರಡೂ ಆವರಣ ಒಂದೇ ಆಗಿ ಉತ್ತರ (ಎಕ್ಸ್ + 3)(ಎಕ್ಸ್ − 4).

ಒಂದು ಹಾಳೆಯಲ್ಲಿ ಬರೆದು ಕಳಿಸಿದೆವು. ಎಕ್ಸ್²ದ ಮುಂದೆ ಮೈನಸ್ ಇಲ್ಲದಾಗ ಕೊನೆಯ ಪದ ಧನವಾಗಿದ್ದರೆ ಎರಡೂ ಸಂಖ್ಯೆಗೆ ಒಂದೇ ಚಿಹ್ನೆ, ಅದು ಮಧ್ಯಪದದ ಚಿಹ್ನೆ. ಕೊನೆಯ ಪದ ಋಣವಾಗಿದ್ದರೆ ಬೇರೆ ಬೇರೆ ಚಿಹ್ನೆ, ದೊಡ್ಡದಕ್ಕೆ ಮಧ್ಯಪದದ್ದು. ಆವರಣಗಳು ಹೊಂದದಿದ್ದರೆ ಮುಂದೆ ಹೋಗಬೇಡ, ಹಿಂದಿನ ಸಾಲು ನೋಡು. ಸಮೀಕರಣವಾದರೆ ಎಕ್ಸ್ − 4 = 0 ಎಂದು ಪೂರ್ತಿ ಬರೆ; ಮೂಲ 4, −4 ಅಲ್ಲ. ಕೊನೆಗೆ ಆವರಣಗಳನ್ನು ಗುಣಿಸಿ ನೋಡು, ಕೊಟ್ಟ ಲೆಕ್ಕ ವಾಪಸ್ ಬರಬೇಕು.

ಈ ಕೊನೆಯ ಮಾತು ಚನ್ನಗಿರಿಯ ಗೆಳೆಯನದು. ಒಮ್ಮೆ ಅವಸರದಲ್ಲಿ ಅವನು 'ಸಾಲ ಮನ್ನಾ ಆಗಿಲ್ಲ' ಎನ್ನುವುದನ್ನು 'ಆಗಿದೆ' ಎಂದು ಟೈಪ್ ಮಾಡಿ ಕಳಿಸಿದ್ದ. ಮರುದಿನ ಪೇಪರ್ ಹಿಡಿದು ರೈತರು ಬ್ಯಾಂಕಿಗೆ ಹೋಗಿದ್ದರು. ಮತ್ತೊಮ್ಮೆ ಓದಲು ಅರ್ಧ ನಿಮಿಷ ಸಾಕಿತ್ತು.

ದಿನ ಕಳೆದಂತೆ ಅವಳ ಫೋಟೊಗಳಲ್ಲಿ ಪ್ರತಿ ಲೆಕ್ಕದ ಕೆಳಗೆ ಪೆನ್ಸಿಲಿನಲ್ಲಿ ಗುಣಿಸಿ ನೋಡಿದ ಸಾಲು ಕಾಣತೊಡಗಿತು. ಒಂದು ಸಂಜೆ ಹೊನ್ನಾಳಿಯಿಂದ ಹೋದ ಉತ್ತರಕ್ಕೇ 'ಚಿಕ್ಕಪ್ಪಾ, ನಿಮ್ದು ಮೈನಸ್ ತಪ್ಪೈತಿ' ಎಂದು ಬರೆದಳು. ನಿಜವಾಗಿಯೂ ತಪ್ಪಿತ್ತು.

ಪಾಸಾದಳು. ಈಗ ಪಿಯುಸಿ ಓದುತ್ತಿದ್ದಾಳೆ. ನಮ್ಮ ಗುಂಪಿನಲ್ಲಿ ಸಿಹಿ ತಿಂಡಿಯ ಚಿತ್ರಗಳು ಓಡಾಡಿದವು. ಆದರೆ ಫೇಲಾಗಿದ್ದರೂ ಅವಳ ಮದುವೆ ಮಾಡುವಂತಿಲ್ಲ ಎಂದು ಅವಳ ಅಪ್ಪನಿಗೆ ನಾವು ಯಾರೂ ಇನ್ನೂ ಹೇಳಿಲ್ಲ. ಮನೆಯಲ್ಲಿ ಅವಳ ತಂಗಿ ಇದ್ದಾಳೆ, ಈಗ ಎಂಟನೇ ಕ್ಲಾಸು. ಅವಳ ಪರೀಕ್ಷೆ ಬರುವ ಮೊದಲು ಹೇಳಲೇಬೇಕು.