ಆರುವ ಹೊತ್ತು

ಪುಣೆಯ ಜುಲೈ ಮಳೆ ತೀರ್ಥಹಳ್ಳಿಯ ಹುಡುಗಿಗೆ ದೊಡ್ಡ ಸಂಗತಿಯೇನಲ್ಲ. ಅವಳ ಚಿಂತೆ ಬೇರೆಯದು. ಪಿಎಚ್.ಡಿ.ಯ ಐದನೇ ವರ್ಷ, ಫೆಲೋಶಿಪ್ ಮುಗಿಯಲು ನಾಲ್ಕೇ ತಿಂಗಳು. ಹಾಗಿರುವಾಗ ಅವಳು ಮಾಡಿದ ಸೌರಕೋಶಗಳು ಒಂದು ಇದ್ದ ಹಾಗೆ ಇನ್ನೊಂದು ಇರಲಿಲ್ಲ.

ಅವು ಛಾವಣಿಯ ಮೇಲೆ ಕಾಣುವ ಸಿಲಿಕಾನ್ ಫಲಕಗಳಲ್ಲ, ಸಾವಯವ ಸೌರಕೋಶಗಳು. ಇಂಗಾಲದ ಎರಡು ಸಂಯುಕ್ತಗಳನ್ನು, ಎಲೆಕ್ಟ್ರಾನ್ ಕೊಡುವುದೊಂದು, ಪಡೆಯುವುದೊಂದು, ದ್ರಾವಕದಲ್ಲಿ ಕರಗಿಸಿ ಶಾಯಿಯಂತೆ ಗಾಜಿನ ಮೇಲೆ ಬಳಿಯುತ್ತಾರೆ. ದ್ರಾವಕ ಆರಿದ ಮೇಲೆ ಉಳಿಯುವ ಪದರದ ದಪ್ಪ ಸುಮಾರು 100 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪಕ್ಕೆ ಇಂಥ ನೂರಾರು ಪದರ ಬೇಕು.

ಈ ಪದರದ ಮೇಲೆ ಬೆಳಕು ಬಿದ್ದ ಕೂಡಲೇ ವಿದ್ಯುತ್ ಹರಿಯುವುದಿಲ್ಲ. ಎಲೆಕ್ಟ್ರಾನು ಮತ್ತು ಅದು ಬಿಟ್ಟುಬಂದ ಖಾಲಿ ಜಾಗ ಒಂದಕ್ಕೊಂದು ಅಂಟಿಕೊಂಡು ಜೋಡಿಯಾಗಿ ಅಲೆಯುತ್ತವೆ. ಇದಕ್ಕೆ ಎಕ್ಸಿಟಾನ್ ಎಂದು ಹೆಸರು. ಬಹಳಷ್ಟು ವಸ್ತುಗಳಲ್ಲಿ ಹತ್ತು ನ್ಯಾನೊಮೀಟರ್ ಆಸುಪಾಸು ಸಾಗುವಷ್ಟರಲ್ಲಿ ಅದು ನಂದಿಹೋಗುತ್ತದೆ. ಅಷ್ಟರೊಳಗೆ ಎರಡು ವಸ್ತುಗಳು ಸೇರುವ ಗಡಿ ಸಿಕ್ಕಬೇಕು, ಜೋಡಿ ಬೇರ್ಪಡುವುದು ಅಲ್ಲೇ. ಹಾಗೆಂದು ಎರಡೂ ಪೂರ್ತಿ ಬೆರೆತುಹೋದರೂ ಕೆಟ್ಟಿತು. ಬೇರ್ಪಟ್ಟವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಮತ್ತೆ ಕೂಡಿಬಿಡುತ್ತವೆ. ಈ ಹದ ನಿರ್ಧಾರವಾಗುವುದು ಶಾಯಿ ಆರುವ ಆ ಸ್ವಲ್ಪ ಹೊತ್ತಿನಲ್ಲಿ.

2001ರಲ್ಲಿ ಆಸ್ಟ್ರಿಯಾದ ಲಿಂಟ್ಸ್‌ನ ಸಂಶೋಧಕರು ತೋರಿಸಿಕೊಟ್ಟದ್ದು ಇದನ್ನೇ. ಪಾಲಿಮರ್ ಅದೇ, ಫುಲ್ಲರೀನ್ ಸಂಯುಕ್ತವೂ ಅದೇ. ಟೊಲ್ವೀನ್ ಬಿಟ್ಟು ಕ್ಲೋರೋಬೆಂಜೀನಿನಲ್ಲಿ ಕರಗಿಸಿದರು, ಅಷ್ಟೆ. ದಕ್ಷತೆ ಶೇ. 0.9ರಿಂದ ಶೇ. 2.5ಕ್ಕೆ ಏರಿತು. ಟೊಲ್ವೀನಿನಲ್ಲಿ ಮುದ್ದೆಮುದ್ದೆಯಾಗಿ ಕೂರುತ್ತಿದ್ದ ಫುಲ್ಲರೀನ್ ಈಗ ನವಿರಾಗಿ ಹರಡಿಕೊಂಡಿತ್ತು.

ಗಾಜನ್ನು ಗಿರ್ರನೆ ತಿರುಗಿಸಿ ಶಾಯಿ ಹರಡುವ ಯಂತ್ರದಲ್ಲಿ ಅವಳ ಪದರಗಳು ಚೆನ್ನಾಗಿಯೇ ಬರುತ್ತಿದ್ದವು. ಆದರೆ ಆ ಯಂತ್ರದಲ್ಲಿ ಶಾಯಿಯ ಬಹುಪಾಲು ಸಿಡಿದು ಹೋಗುತ್ತದೆ, ದೊಡ್ಡ ಹಾಳೆಗಳಿಗೆ ಅದು ಒಗ್ಗುವುದಿಲ್ಲ. ಅದಕ್ಕೇ ಅವಳು ಅಲಗಿನಿಂದ ಬಳಿಯುವ ವಿಧಾನಕ್ಕೆ ಹೊರಳಿದ್ದು. ಅಲ್ಲಿ ಶಾಯಿ ನಿಧಾನವಾಗಿ ಆರುತ್ತದೆ, ಆ ಬಿಡುವಿನಲ್ಲಿ ಎರಡು ವಸ್ತುಗಳು ದೂರ ಸರಿದು ಮುದ್ದೆಗಟ್ಟುತ್ತವೆ. ಆ ವಾರ ಸಾಲಾಗಿ ಇಟ್ಟು ಬಳಿದ 12 ಗಾಜುಗಳಲ್ಲಿ ಹನ್ನೊಂದು ಸಾಧಾರಣ. ಕೊನೆಯದೊಂದು ಮಾತ್ರ ಅದ್ಭುತ.

ಆ ಒಂದನ್ನೇ ಪ್ರಬಂಧದಲ್ಲಿ ಹಾಕಿದರೆ ಸಾಕಿತ್ತು. ಅತ್ಯುತ್ತಮ ಕೋಶದ ಅಂಕಿಯನ್ನು ಮೊದಲ ಸಾಲಿಗೆ ತರುವುದು ಈ ಕ್ಷೇತ್ರದಲ್ಲಿ ರೂಢಿ. ಸೀನಿಯರ್ ಒಬ್ಬ ಹಾಗೇ ಹೇಳಿದ. "ನಾಲ್ಕು ತಿಂಗಳಲ್ಲಿ ಇನ್ನೇನು ಮಾಡ್ತೀಯ?" ಅವಳಿಗೂ ಹೌದೆನ್ನಿಸಿತು.

ರಾತ್ರಿ ಅಮ್ಮನ ಫೋನು. ಬೇಸರವನ್ನು ಹೇಗೆ ವಿವರಿಸುವುದೋ ತಿಳಿಯದೆ, ಒಂದೇ ಹಿಟ್ಟಿನಲ್ಲಿ ಹನ್ನೆರಡು ದೋಸೆ ಹುಯ್ದರೆ ಒಂದೇ ಸರಿಯಾಗ್ತದೆ ಅಂದಳು.

"ಹಿಟ್ಟು ಅದೇ ಅಂದ್ರೆ ಹಿಟ್ಟಿಂದಲ್ಲ ಪುಟ್ಟಿ. ಆ ಒಂದು ದೋಸೆ ಎಲ್ಲಿ ಹುಯ್ದಿದ್ದೆ, ನೋಡು."

ಮರುದಿನ ನೋಡಿದಳು. ಸಾಲಿನ ಕೊನೆಯ ಗಾಜಿನ ಮೇಲೆ ಎ.ಸಿ.ಯ ಗಾಳಿ ನೇರವಾಗಿ ಬೀಳುತ್ತಿತ್ತು. ಆ ಗಾಜು ಬೇಗ ಆರಿತ್ತು. ಅದ್ಭುತ ಅವಳ ಕೈಯದಲ್ಲ, ಗಾಳಿಯದು.

ಮತ್ತೆ ಬಳಿದಳು. ಈ ಸಲ ಅಲಗಿನ ಹಿಂದೆಯೇ ಸಣ್ಣ ಕೊಳವೆಯಿಂದ ನೈಟ್ರೋಜನ್ ಊದುತ್ತ, ಎಲ್ಲ ಗಾಜಿಗೂ ಒಂದೇ ಸಮ. ಯಾವುದೂ ಆ ಒಂದರಷ್ಟು ಚೆನ್ನಾಗಿ ಬರಲಿಲ್ಲ. ಆದರೆ ಹನ್ನೆರಡೂ ಹತ್ತಿರ ಹತ್ತಿರ ಬಂದವು, ಹಳೆಯ ಹನ್ನೊಂದಕ್ಕಿಂತ ಮೇಲೆ.

ಪ್ರಬಂಧದ ಕೋಷ್ಟಕದಲ್ಲಿ ಈಗ ಎರಡು ಸರದಿಯ 24 ಅಂಕಿಗಳೂ ಇವೆ. ಹಳೆಯ ಹನ್ನೆರಡನೆಯದರ ಎದುರು ಒಂದು ಷರಾ: "ಎ.ಸಿ. ಗಾಳಿಯ ಕೆಳಗೆ ಆರಿದ್ದು."