ಮಾಸ್ಕೋದ ಹೊಸ ವರ್ಷದ ಬಟ್ಟಲು

ಡಿಸೆಂಬರ್ ತಿಂಗಳ ಕೊನೆಯ ದಿನ ಮಾಸ್ಕೋ ನಗರದಲ್ಲಿ ಸೂರ್ಯನಿಗೆ ಹೆಚ್ಚು ಕೆಲಸವಿಲ್ಲ. ಬೆಳಗಿನ ಒಂಬತ್ತರ ಸುಮಾರಿಗೆ ಮೂಡಿದವನು ಸಂಜೆ ನಾಲ್ಕು ಕಳೆಯುತ್ತಲೇ ಮರೆಯಾಗುತ್ತಾನೆ. ಆದರೆ ಅಂದಿನ ಕತ್ತಲೆಯನ್ನು ಅಲ್ಲಿನ ಜನ ಲೆಕ್ಕಕ್ಕಿಡುವುದಿಲ್ಲ. ಬೀದಿಯ ಇಕ್ಕೆಲಗಳಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಎದ್ದು ನಿಂತ ಮನೆಗಳ ಕಿಟಕಿಗಳಲ್ಲೆಲ್ಲ ದೀಪ ಬೆಳಗುತ್ತಿರುತ್ತದೆ. ಆ ದೀಪಗಳ ಕೆಳಗೆ ಮನೆಮನೆಯಲ್ಲೂ ನಡೆಯುವ ಕೆಲಸ ಒಂದೇ. ಸಿಪ್ಪೆಸಹಿತ ಬೆಂದ ಆಲೂಗೆಡ್ಡೆ ಆರಲು ಕಾದಿದೆ. ಅಜ್ಜಿ ಮೊಟ್ಟೆಯ ಚಿಪ್ಪು ಬಿಡಿಸುತ್ತಿದ್ದಾಳೆ. ಸೊಸೆ ಕ್ಯಾರೆಟ್ಟನ್ನು ಸಣ್ಣಗೆ ಹೆಚ್ಚುತ್ತಿದ್ದಾಳೆ. ಮನೆಯ ಯಜಮಾನ ಬಟಾಣಿಯ ಡಬ್ಬಿಯ ಮುಚ್ಚಳದೊಡನೆ ಹೋರಾಡುತ್ತಿದ್ದಾನೆ. ಮನೆಯಲ್ಲಿರುವ ಅತಿ ದೊಡ್ಡ ಬಟ್ಟಲು ಮೇಜಿನ ನಡುವೆ ಬಾಯ್ತೆರೆದು ಕುಳಿತಿದೆ. ಅಂದು ರಾತ್ರಿ ಆ ಬಟ್ಟಲು ತುಂಬದಿದ್ದರೆ ಹೊಸ ವರ್ಷ ಬಂದಂತೆಯೇ ಅಲ್ಲ.

ನಮ್ಮ ನಗರಗಳ ಹೋಟೆಲುಗಳಲ್ಲಿಯೂ ಮದುವೆಯ ಆರತಕ್ಷತೆಯ ಊಟಗಳಲ್ಲಿಯೂ ‘ರಷ್ಯನ್ ಸಲಾಡ್’ ಎಂಬ ಬಿಳಿಯ, ಕೆನೆಯಂಥ ಪದಾರ್ಥವನ್ನು ಓದುಗರು ಕಂಡಿರಬಹುದು. ತರಕಾರಿಯ ಚೂರುಗಳ ನಡುವೆ ಒಮ್ಮೊಮ್ಮೆ ಅನಾನಸಿನ ತುಂಡೂ ಅದರಲ್ಲಿ ಇಣುಕುವುದುಂಟು. ಅದರ ಮೂಲಪುರುಷನನ್ನು ರಷ್ಯದ ಜನ ಆ ಹೆಸರಿನಿಂದ ಕರೆಯುವುದಿಲ್ಲ. ಅಲ್ಲಿ ಅದಕ್ಕೆ ಒಬ್ಬ ಮನುಷ್ಯನ ಹೆಸರೇ ಅಂಟಿಕೊಂಡಿದೆ: ‘ಒಲಿವ್ಯೇ’. ಆ ಮನುಷ್ಯನನ್ನು ಅರಸಿ ಹೊರಟವರು ಮಾಸ್ಕೋದ ತ್ರೂಬ್ನಾಯಾ ಚೌಕಕ್ಕೆ ಹೋಗಬೇಕು.

ಕ್ರೆಮ್ಲಿನ್ ಕೋಟೆಯ ಉತ್ತರಕ್ಕೆ, ಸಾಲುಮರಗಳ ಅಗಲವಾದ ಬೀದಿಗಳು ಬಂದು ಕೂಡುವ ತಗ್ಗಿನಲ್ಲಿ ಈ ಚೌಕವಿದೆ. ‘ತ್ರುಬಾ’ ಎಂದರೆ ಕೊಳವೆ. ನೆಗ್ಲಿನ್ನಾಯಾ ಎಂಬ ಚಿಕ್ಕ ನದಿ ಹಿಂದೆ ನಗರದ ಹಳೆಯ ಗೋಡೆಯ ಕಂಡಿಯೊಂದರಲ್ಲಿ ನುಸುಳಿ ಇಲ್ಲಿ ಹರಿಯುತ್ತಿತ್ತು. ಚೌಕದ ಹೆಸರಿಗೆ ಅದೇ ಮೂಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ನದಿಯನ್ನೇ ನೆಲದೊಳಗೆ ಅಡಗಿಸಿದರು. ಅದು ಇಂದಿಗೂ ದಾರಿಹೋಕರ ಕಾಲಕೆಳಗೆ ಕಾಣದೆ ಹರಿಯುತ್ತಿದೆ. ಒಂದು ಕಾಲಕ್ಕೆ ಇಲ್ಲಿ ಹಕ್ಕಿಗಳ ಸಂತೆ ಕೂಡುತ್ತಿತ್ತು; ತರುಣ ಚೆಕಾಫ್ 1883ರಲ್ಲಿ ಆ ಸಂತೆಯನ್ನು ಕುರಿತು ಬರೆದಿದ್ದಾನೆ. ಇಂತಹ ಗದ್ದಲದ ಚೌಕದ ಮೂಲೆಯಲ್ಲಿ 1864ರಲ್ಲಿ ‘ಎರ್ಮಿತಾಜ್’ ಎಂಬ ಭೋಜನಶಾಲೆ ಬಾಗಿಲು ತೆರೆಯಿತು. ಸೇಂಟ್ ಪೀಟರ್ಸ್‌ಬರ್ಗಿನ ಜಗತ್ಪ್ರಸಿದ್ಧ ಚಿತ್ರಶಾಲೆಗೂ ಇದಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ. ಹಣ ಹೂಡಿದವನು ಪೆಗೋಫ್ ಎಂಬ ಶ್ರೀಮಂತ ವರ್ತಕ; ಅಡುಗೆಯ ಕೀರ್ತಿ ಲೂಸ್ಯಾಂ ಒಲಿವ್ಯೇ ಎಂಬ ಫ್ರೆಂಚ್ ಪರಂಪರೆಯ ಪಾಕಪ್ರವೀಣನದು.

ಅಂದಿನ ಮಾಸ್ಕೋದ ಸಿರಿವಂತಿಕೆಯೆಲ್ಲ ಆ ಶಾಲೆಯಲ್ಲಿ ಊಟಕ್ಕೆ ಕೂಡುತ್ತಿತ್ತು. ಸಂಗೀತಗಾರ ಚೈಕೋವ್‌ಸ್ಕಿಯ ಮದುವೆಯ ಊಟ 1877ರಲ್ಲಿ ನಡೆದದ್ದು ಇಲ್ಲಿಯೇ. ಆ ದಾಂಪತ್ಯ ಕೆಲವೇ ವಾರಗಳಲ್ಲಿ ಮುರಿದುಬಿದ್ದುದಕ್ಕೆ ಅಡುಗೆಯವರು ಹೊಣೆಗಾರರಲ್ಲ! ಹಳೆಯ ಮಾಸ್ಕೋದ ಬದುಕನ್ನು ಸೊಗಸಾಗಿ ಚಿತ್ರಿಸಿದ ಲೇಖಕ ಗಿಲ್ಯರೋವ್‌ಸ್ಕಿ ಇನ್ನೊಂದು ನೋಟವನ್ನೂ ಕೊಡುತ್ತಾನೆ. ವರ್ಷಕ್ಕೊಮ್ಮೆ, ವಿದ್ಯಾರ್ಥಿಗಳ ಹಬ್ಬವಾದ ತತ್ಯಾನಾ ದಿನದಂದು, ಅಲ್ಲಿನ ರತ್ನಗಂಬಳಿಗಳನ್ನು ಸುತ್ತಿಟ್ಟು, ಬೆಲೆಬಾಳುವ ಪೀಠೋಪಕರಣಗಳನ್ನು ಹೊರಕ್ಕೆ ಸಾಗಿಸಿ, ನೆಲಕ್ಕೆ ಮರದ ಹೊಟ್ಟು ಚೆಲ್ಲಿ, ಶಾಲೆಯನ್ನು ಹುಡುಗರಿಗೆ ಬಿಟ್ಟುಕೊಡುತ್ತಿದ್ದರಂತೆ.

ಒಲಿವ್ಯೇಯ ಹೆಸರಿನ ಸಲಾಡು ಆ ಮೇಜುಗಳ ಹೆಮ್ಮೆ. ಅದರ ಹದವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲವೆಂದು ಪ್ರತೀತಿ. 1883ರಲ್ಲಿ, ಐವತ್ತು ತುಂಬುವ ಮೊದಲೇ, ಅವನು ತೀರಿಕೊಂಡ. ಅವನ ಸಮಾಧಿ ಮಾಸ್ಕೋದ ವ್ವೆದೆನ್‌ಸ್ಕೋಯೆ ಸ್ಮಶಾನದಲ್ಲಿದೆ. ರಹಸ್ಯವೂ ಅವನೊಡನೆಯೇ ಮಣ್ಣಾಯಿತು. 1890ರ ದಶಕದ ಅಡುಗೆಯ ಬರಹಗಳು ಅದನ್ನು ಊಹಿಸಿ ಹಿಡಿಯಲು ಯತ್ನಿಸಿದವು. ಕಾಡುಕೋಳಿಯ ಜಾತಿಯ ಹಕ್ಕಿಯ ಮಾಂಸ, ಸೀಗಡಿಯಂಥ ಸಿಹಿನೀರಿನ ಜೀವಿಯ ಬಾಲದ ತುಣುಕು, ಆಲಿವ್ ಕಾಯಿ, ಕೇಪರ್ ಗಿಡದ ಮೊಗ್ಗು, ಎಳೆಸೊಪ್ಪು, ಸೌತೆಕಾಯಿ, ಇವುಗಳೊಡನೆ ಸ್ವಲ್ಪ ಆಲೂಗೆಡ್ಡೆ, ಮೇಲೆ ಮೇಯೊನೇಸ್. ಮಾಸ್ಕೋದ ಜನ ಹೇಳುವ ಕಥೆಯೊಂದಿದೆ. ಮೊದಲು ಆಲೂಗೆಡ್ಡೆ ಬರಿಯ ತಟ್ಟೆಯ ಅಲಂಕಾರಕ್ಕೆ ಇದ್ದಿತಂತೆ. ವರ್ತಕ ಮಹಾಶಯರು ಚಮಚ ಹಿಡಿದು ಅಲಂಕಾರವನ್ನೂ ಮಾಂಸವನ್ನೂ ಒಟ್ಟಿಗೆ ಕಲಸಿ ತಿನ್ನುವುದನ್ನು ಕಂಡು ರೇಗಿದ ಒಲಿವ್ಯೇ, ಮರುದಿನದಿಂದ ತಾನೇ ಎಲ್ಲವನ್ನೂ ಕಲಸಿ ಕಳುಹಿಸತೊಡಗಿದನಂತೆ. ಕಥೆ ಹೇಗೇ ಇರಲಿ, ಆಲೂಗೆಡ್ಡೆ ಆ ತಟ್ಟೆಯಲ್ಲಿ ಅಂದು ಬಡ ನೆಂಟನಂತೆ ಅಂಚಿನಲ್ಲಿ ಕುಳಿತಿದ್ದುದು ಮಾತ್ರ ನಿಜ.

ರಷ್ಯದ ರೈತನ ಅಂಗಳದಲ್ಲಿಯೂ ಅದಕ್ಕೆ ಮೊದಲು ದೊರೆತ ಸ್ವಾಗತ ಅಷ್ಟಕ್ಕಷ್ಟೆ. 1840ರ ದಶಕದ ಆದಿಯಲ್ಲಿ ಸರ್ಕಾರ ಆಲೂಗೆಡ್ಡೆಯನ್ನು ಬಲವಂತವಾಗಿ ಬೆಳೆಸಲು ಹೊರಟಾಗ ವೋಲ್ಗಾ ಮತ್ತು ಉರಲ್ ಪ್ರಾಂತಗಳ ರೈತರು ‘ಸೈತಾನನ ಸೇಬು’ ಎಂದು ಅದನ್ನು ಹಳಿದು ದಂಗೆಯೆದ್ದರು; ಸೈನ್ಯ ಬಂದು ಅಡಗಿಸಬೇಕಾಯಿತು. ಆದರೆ ಹಸಿವು ಬಲ್ಲ ನಾಡಿನಲ್ಲಿ ಸೈತಾನನ ಸೇಬು ಮೆಲ್ಲಮೆಲ್ಲನೆ ‘ಎರಡನೆಯ ರೊಟ್ಟಿ’ ಎನಿಸಿಕೊಂಡಿತು. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿಯೂ ಬರಗಾಲಗಳಲ್ಲಿಯೂ ಆ ಜನರ ಕೈಬಿಡದೆ ನಿಂತದ್ದು ಅದೇ. ಸೋವಿಯತ್ ಕಾಲದಲ್ಲಿ ಪ್ರತಿ ಶರತ್ಕಾಲ ಕಾಲೇಜು ವಿದ್ಯಾರ್ಥಿಗಳೂ ಕಚೇರಿಯ ನೌಕರರೂ ಸಾಮೂಹಿಕ ಜಮೀನುಗಳಿಗೆ ಹೋಗಿ ಗೆಡ್ಡೆ ಅಗೆದು ಬರಬೇಕಾಗಿತ್ತು. ನಗರದಾಚೆ ಅಂಗೈಯಗಲದ ತುಂಡುನೆಲ ಇದ್ದವರು ಅಲ್ಲಿಯೂ ಮೊದಲು ನೆಡುತ್ತಿದ್ದುದು ಆಲೂಗೆಡ್ಡೆಯನ್ನೇ.

ಎರ್ಮಿತಾಜ್ 1917ರಲ್ಲಿ ಮುಚ್ಚಿತು. ಕ್ರಾಂತಿಯ ಬಿರುಗಾಳಿಯಲ್ಲಿ ಕಾಡುಕೋಳಿ, ಕೇಪರು, ಆಲಿವುಗಳೆಲ್ಲ ತರಗೆಲೆಗಳಂತೆ ಹಾರಿಹೋದವು. 1930ರ ದಶಕದಲ್ಲಿ ಸಲಾಡು ಮರಳಿ ಬಂದಾಗ ಅದರ ವೇಷ ಬೇರೆ. ಹಕ್ಕಿಯ ಜಾಗದಲ್ಲಿ ಮನೆಕೋಳಿ, ಕೋಳಿ ದೊರೆಯದ ಮನೆಗಳಲ್ಲಿ 1936ರಲ್ಲಿ ಬಳಕೆಗೆ ಬಂದ ‘ದಾಕ್ತರ್‌ಸ್ಕಾಯಾ’ ಎಂಬ ಬೇಯಿಸಿದ ಸಾಸೇಜು. ಕೆಂಬಣ್ಣದ ಬಾಲದ ತುಣುಕಿನ ಬದಲು ಕ್ಯಾರೆಟ್. ಕೇಪರಿನ ಬದಲು ಡಬ್ಬಿಯ ಬಟಾಣಿ. ಹೊಸ ಸೌತೆಯ ಬದಲು ಉಪ್ಪುನೀರಿನಲ್ಲಿ ಹುಳಿ ಬರಿಸಿದ ಸೌತೆ. ಒಂದೊಂದಾಗಿ ಎಲ್ಲವೂ ಬದಲಾದ ಮೇಲೆ ಹಳೆಯ ಮನೆತನದಿಂದ ಉಳಿದವನು ಅಂಚಿನಲ್ಲಿದ್ದ ಆ ಬಡ ನೆಂಟನೊಬ್ಬನೇ. ಅವನೀಗ ಯಜಮಾನನಾದ.

ಹಬ್ಬವೂ ಹೀಗೆಯೇ ಹೋಗಿ ಬಂದದ್ದು. ಕ್ರಿಸ್ತ ಜಯಂತಿಯ ಮರವನ್ನು ಹೊಸ ಸರ್ಕಾರ ಮೂಢನಂಬಿಕೆಯೆಂದು ಹೊರದೂಡಿತ್ತು. 1935ರ ಡಿಸೆಂಬರ್ 28ರಂದು ‘ಪ್ರಾವ್ದಾ’ ಪತ್ರಿಕೆಯಲ್ಲಿ ಪಕ್ಷದ ನಾಯಕ ಪೋಸ್ತಿಷೆಫ್ ಬರೆದ ಒಂದು ಚಿಕ್ಕ ಪತ್ರದಿಂದ, ಅದೇ ಮರ ಮಕ್ಕಳ ಹೊಸ ವರ್ಷದ ಮರವಾಗಿ ಮನೆಯೊಳಕ್ಕೆ ಮರಳಿತು. ಜನವರಿ 1 ರಜೆಯ ದಿನವಾದದ್ದು 1948ರಿಂದ. ಮತಕ್ಕೂ ಸೇರದ, ರಾಜಕೀಯಕ್ಕೂ ಪೂರ್ತಿ ಸೇರದ, ಮೆರವಣಿಗೆ ಭಾಷಣಗಳ ಹಂಗಿಲ್ಲದ ಹಬ್ಬ ಅದೊಂದೇ ಆಯಿತು. ಅದನ್ನು ಬೀದಿಯಿಂದ ಮನೆಯೊಳಕ್ಕೆ ತಂದುಕೊಂಡ ಜನ ಅದರ ನಡುವೆ ಈ ಬಟ್ಟಲನ್ನಿಟ್ಟರು.

ಬಟ್ಟಲನ್ನು ತುಂಬುವುದು ಮಾತ್ರ ಸುಲಭವಾಗಿರಲಿಲ್ಲ. ಆಲೂಗೆಡ್ಡೆ, ಕ್ಯಾರೆಟ್, ಈರುಳ್ಳಿ ಹೇಗೋ ಸಿಗುತ್ತಿದ್ದವು. ಬಟಾಣಿಯ ಡಬ್ಬಿ, ಮೇಯೊನೇಸಿನ ಸೀಸೆ, ಒಳ್ಳೆಯ ಸಾಸೇಜು ಇವು ಮೂರೂ ಅಂಗಡಿಯ ಕಪಾಟಿನಲ್ಲಿ ಎಂದು ಕಾಣಿಸಿಕೊಂಡಾವೆಂದು ಹೇಳಬಲ್ಲವರಿರಲಿಲ್ಲ. ಕಂಡ ದಿನ ಸಾಲಿನಲ್ಲಿ ನಿಂತು ಕೊಳ್ಳಬೇಕು. ಕೊಂಡದ್ದನ್ನು ಹಬ್ಬದವರೆಗೆ ಮುಟ್ಟಬಾರದು. ಶರತ್ಕಾಲದಲ್ಲಿ ತಂದ ಬಟಾಣಿಯ ಡಬ್ಬಿ ಕಪಾಟಿನ ಹಿಂಭಾಗದಲ್ಲಿ ತಿಂಗಳುಗಟ್ಟಲೆ ಅಡಗಿ ಕೂಡುತ್ತಿತ್ತು. ಮಕ್ಕಳು ಅದನ್ನು ಕಂಡಿದ್ದರೂ ಕಾಣದವರಂತೆ ಇರುತ್ತಿದ್ದರು. ಕಾರ್ಖಾನೆ ಕಚೇರಿಗಳಲ್ಲಿ ಹಬ್ಬದ ಮುಂಚೆ ನೌಕರರಿಗೆ ಹಂಚುತ್ತಿದ್ದ ಪೊಟ್ಟಣದಲ್ಲಿ ಬಟಾಣಿಯೋ ಸಾಸೇಜೋ ಇದ್ದರೆ ಆ ಸಂಜೆ ಮನೆಗೆ ಬಂದವನ ನಡಿಗೆಯೇ ಬೇರೆ. ಹಲವು ಸಂಸಾರಗಳಿಗೆ ಒಂದೇ ಅಡುಗೆಮನೆಯಿದ್ದ ವಠಾರಗಳಲ್ಲಿ ಯಾರ ಡಬ್ಬಿ ಯಾವುದೆಂದು ಎಲ್ಲರಿಗೂ ಗೊತ್ತು. ಒಂದು ಬಟ್ಟಲು ಸಲಾಡಿನ ಹಿಂದೆ ಹೀಗೆ ಒಂದು ಋತುವಿನ ಕಾಯುವಿಕೆ, ಅಡಗಿಸಿಟ್ಟ ಆಸೆ ಇರುತ್ತಿದ್ದವು. ಇಂದು ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಈಗಿನ ಚಿಂತೆ ಬೆಲೆಯದು. ವರ್ಷದ ಕೊನೆಗೆ ಪತ್ರಿಕೆಗಳು ಈ ಒಂದು ಸಲಾಡಿನ ಖರ್ಚನ್ನು ಲೆಕ್ಕ ಹಾಕಿ, ಜೀವನವೆಚ್ಚ ಎಷ್ಟು ಏರಿತೆಂದು ಅಳೆಯುತ್ತವೆ.

ಇನ್ನು ಅದನ್ನು ಮಾಡುವ ಬಗೆ. ಐದಾರು ಮಂದಿಯ ಸಂಸಾರಕ್ಕೆ ನಡುಗಾತ್ರದ ಐದು ಆಲೂಗೆಡ್ಡೆ, ಮೂರು ಕ್ಯಾರೆಟ್, ನಾಲ್ಕು ಮೊಟ್ಟೆ, ಸುಮಾರು 300 ಗ್ರಾಂ ಸಾಸೇಜು ಅಥವಾ ಕೋಳಿ, ನಾಲ್ಕು ಹುಳಿಸೌತೆ, ಒಂದು ಡಬ್ಬಿ ಬಟಾಣಿ, ಒಂದು ಚಿಕ್ಕ ಈರುಳ್ಳಿ ಸಾಕು. ಆಲೂಗೆಡ್ಡೆಯನ್ನೂ ಕ್ಯಾರೆಟ್ಟನ್ನೂ ಸಿಪ್ಪೆಸಹಿತ ಬೇಯಿಸಬೇಕು. ಸುಲಿದು ಬೇಯಿಸಿದರೆ ನೀರು ಕುಡಿದು ಒಡೆಯುತ್ತವೆ. ಬೆಂದ ಮೇಲೆ ಆತುರ ಪಡುವಂತಿಲ್ಲ. ಬಿಸಿಯಾಗಿರುವಾಗ ಮೆತ್ತಗಿರುವ ಆಲೂಗೆಡ್ಡೆಯ ಹಿಟ್ಟಿನಂಶ ಪೂರ್ತಿ ತಣಿದ ಮೇಲೆ ಬಿಗಿಯುತ್ತದೆ. ಆಗ ಚೂರಿ ಇಟ್ಟರೆ ಅಂಚು ಮುರಿಯದು. ಇದಕ್ಕೆಂದೇ ಅನೇಕ ಮನೆಗಳಲ್ಲಿ ಹಿಂದಿನ ರಾತ್ರಿಯೇ ಬೇಯಿಸಿಡುತ್ತಾರೆ. ಚೂರಿನ ಅಳತೆಗೆ ಬಟಾಣಿಯೇ ಪ್ರಮಾಣ. ಎಲ್ಲವನ್ನೂ ಅದರಷ್ಟೇ ಗಾತ್ರಕ್ಕೆ ಹೆಚ್ಚಬೇಕು. ಒಂದು ಚಮಚಕ್ಕೆ ಎಲ್ಲ ರುಚಿಗಳೂ ಒಟ್ಟಿಗೆ ಬರಬೇಕೆಂಬುದು ಇದರ ಅರ್ಥ. ಹುಳಿಸೌತೆಯನ್ನು ಹಿಂಡಿ, ಬಟಾಣಿಯ ನೀರು ಬಸಿದು ಸೇರಿಸಬೇಕು.

ಕೊನೆಯದು ಮೇಯೊನೇಸ್. ಮೊಟ್ಟೆಯ ಹಳದಿಗೆ ಹನಿಹನಿಯಾಗಿ ಎಣ್ಣೆಯೆರೆದು, ವಿನಿಗರೋ ನಿಂಬೆರಸವೋ ಬೆರೆಸಿ ಕಡೆದ ದಪ್ಪ ಕೆನೆ ಅದು. ಎಣ್ಣೆಯೂ ನೀರೂ ಹುಟ್ಟುಹಗೆಗಳು. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ಇಬ್ಬರ ಕೈಯನ್ನೂ ಹಿಡಿದು ಸಂಧಿ ಮಾಡಿಸುತ್ತದೆ. ಆ ಸಂಧಿ ಶಾಖವನ್ನು ತಾಳದು. ಬಿಸಿ ಆಲೂಗೆಡ್ಡೆಗೆ ಬೆರೆಸಿದರೆ ಕೆನೆ ಒಡೆದು ಎಣ್ಣೆ ಬಿಡುತ್ತದೆ. ಹಾಗೆಂದು ಬಹಳ ಮೊದಲೇ ಬೆರೆಸಿಟ್ಟರೂ ತರಕಾರಿ ನೀರೊಡೆಯುತ್ತದೆ. ಅನುಭವಿಯಾದ ಗೃಹಿಣಿ ಹೆಚ್ಚಿದ್ದನ್ನು ತಂಪಿನಲ್ಲಿಟ್ಟು, ಊಟಕ್ಕೆ ಸ್ವಲ್ಪ ಮುಂಚೆ ಬೇಕಾದಷ್ಟಕ್ಕೆ ಮಾತ್ರ ಕೆನೆ ಕಲಸುತ್ತಾಳೆ. ಉಪ್ಪು ನೋಡುವುದೂ ಆಗಲೇ.

ಮಾಂಸ ಮೊಟ್ಟೆಗಳನ್ನು ಮುಟ್ಟದ ನಮ್ಮ ಮನೆಗಳಿಗೆ ಇದು ದೂರದ ಮಾತೆಂದು ತೋರಬಹುದು. ಹಾಗೇನೂ ಇಲ್ಲ. ರಷ್ಯದ ಸಾಂಪ್ರದಾಯಿಕ ಚರ್ಚು ಹಳೆಯ ಪಂಚಾಂಗವನ್ನೇ ಅನುಸರಿಸುವುದರಿಂದ ಅಲ್ಲಿ ಕ್ರಿಸ್ತ ಜಯಂತಿ ಜನವರಿ 7ರಂದು. ಅದಕ್ಕೆ ಮೊದಲಿನ ನಲವತ್ತು ದಿನ ಉಪವಾಸವ್ರತ. ಹೊಸ ವರ್ಷದ ರಾತ್ರಿ ಆ ವ್ರತದ ನಡುವೆಯೇ ಬೀಳುತ್ತದೆ. ವ್ರತಸ್ಥರು ಮಾಂಸ, ಮೊಟ್ಟೆ, ಹಾಲುಗಳನ್ನು ಬಿಟ್ಟು, ಅಣಬೆ ಸೇರಿಸಿ, ಮೊಟ್ಟೆಯಿಲ್ಲದ ಕೆನೆಯಿಂದ ಒಲಿವ್ಯೇ ಮಾಡುತ್ತಾರೆ. ನಮ್ಮಲ್ಲಿ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಸ್ವಲ್ಪ ಕೆನೆ, ಸಾಸಿವೆ, ನಿಂಬೆರಸ ಬೆರೆಸಿದರೆ ಅದೇ ಕೆಲಸ ನಡೆಯುತ್ತದೆ. ಕಾಡುಕೋಳಿಯನ್ನು ಕಳೆದುಕೊಂಡೂ ಬದುಕಿದ ಸಲಾಡು ಇಷ್ಟಕ್ಕೆ ಮುನಿಯಲಾರದು.

ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ಮೇಜಿನ ಸುತ್ತ ಎಲ್ಲರೂ ಕೂಡುತ್ತಾರೆ. ಮೊದಲ ಮಾತು ಹೊಸ ವರ್ಷಕ್ಕಲ್ಲ, ಹಳೆಯದಕ್ಕೆ. ಅದನ್ನು ವಿಧಿಪೂರ್ವಕವಾಗಿ ಬೀಳ್ಕೊಡಬೇಕು. ಆ ವರ್ಷ ಮನೆಗೆ ಬಂದವರನ್ನು, ಮನೆಯಿಂದ ಹೋದವರನ್ನು ಆಗ ನೆನೆಯುತ್ತಾರೆ. ಕಳೆದ ಬಾರಿ ಮೊಟ್ಟೆ ಸುಲಿದ ಅಜ್ಜಿ ಈ ಬಾರಿ ಇಲ್ಲದಿರಬಹುದು. ಆಕೆ ಹೆಚ್ಚುತ್ತಿದ್ದಷ್ಟು ಸಣ್ಣಗೆ ತನ್ನ ಕೈಗೆ ಬಾರದೆಂದು ಸೊಸೆ ಹೇಳಿಕೊಂಡಾಳು. ಹನ್ನೆರಡಕ್ಕೆ ಕ್ರೆಮ್ಲಿನ್ನಿನ ಗೋಪುರದ ಗಂಟೆ ಮೊಳಗುತ್ತದೆ. ಬೆಂಗಳೂರಿನಲ್ಲಿ ಆಗ ಬೆಳಗಿನ ಜಾವ ಎರಡೂವರೆ. ರಷ್ಯದ ಪೂರ್ವದ ತುದಿಯ ಕಮ್ಚಾತ್ಕಾದಲ್ಲಿ ಅಷ್ಟರಲ್ಲಿ ಬೆಳಗಿನ ಒಂಬತ್ತು ಗಂಟೆ. ಅಲ್ಲಿಯವರು ರಾತ್ರಿ ಉಳಿದ ಒಲಿವ್ಯೇಯನ್ನು ಬಟ್ಟಲಿನಿಂದಲೇ ಚಮಚ ಹಾಕಿ ತಿನ್ನುತ್ತಿರಬಹುದು. ಜನವರಿ 1ರ ಬೆಳಗಿನ ಆ ತಂಗಳೇ ಹೆಚ್ಚು ರುಚಿಯೆಂದು ವಾದಿಸುವವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರೆ.

ತ್ರೂಬ್ನಾಯಾ ಚೌಕದ ಮೂಲೆಯಲ್ಲಿ ಎರ್ಮಿತಾಜಿನ ಕಟ್ಟಡ ಇನ್ನೂ ನಿಂತಿದೆ. 1989ರಲ್ಲಿ ಒಂದು ನಾಟಕಮಂದಿರ ಅಲ್ಲಿ ನೆಲೆಸಿತು; 2013ರಲ್ಲಿ ಬೆಂಕಿ ಬಿದ್ದು ಕಟ್ಟಡಕ್ಕೆ ಹಾನಿಯಾಯಿತು. ಒಲಿವ್ಯೇ ಕಾಪಾಡಿದ ರಹಸ್ಯವನ್ನು ಅಲ್ಲಿ ಹುಡುಕಿ ಫಲವಿಲ್ಲ. ಅದನ್ನು ಕಳೆದುಕೊಂಡವರು ಅದಕ್ಕಾಗಿ ಬಹುಕಾಲ ದುಃಖಿಸಿದಂತೆಯೂ ಕಾಣದು. ಬೀಗ ಹಾಕಿಟ್ಟ ರುಚಿ ಒಬ್ಬನೊಡನೆ ಮುಗಿಯಿತು. ಬೀಗವಿಲ್ಲದ್ದು ಮನೆಯಿಂದ ಮನೆಗೆ, ಅಜ್ಜಿಯ ಕೈಯಿಂದ ಸೊಸೆಯ ಕೈಗೆ ದಾಟಿ ಉಳಿಯಿತು. ಮುಂದಿನ ಡಿಸೆಂಬರಿನ ಕೊನೆಯ ಸಂಜೆಯೂ ಆ ಊರಿನ ಕಿಟಕಿಗಳಲ್ಲಿ ದೀಪ ಹತ್ತುತ್ತದೆ, ಆಲೂಗೆಡ್ಡೆ ಬೇಯುತ್ತದೆ.