ಹರಿದ್ರೆಯ ದಾರಿ ಹಿಡಿದು

ಸೆಪ್ಟೆಂಬರ್ 8, ಬೆಳಗಿನ ಆರು ಗಂಟೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಏರಿಯ ಮೇಲೆ ತಣ್ಣನೆ ಗಾಳಿ. ಎರಡು ಗುಡ್ಡಗಳ ನಡುವಿನ ಸಂದಿಗೆ ಕಟ್ಟಿದ ಈ ಏರಿ ಅಷ್ಟೇನೂ ಉದ್ದವಿಲ್ಲ. ಅದು ತಡೆದ ನೀರಿಗೆ ಮಾತ್ರ ಆಚೆ ದಡವೇ ಕಾಣುತ್ತಿಲ್ಲ. ಪಕ್ಕದಲ್ಲಿ ಅಜ್ಜಿಯೊಬ್ಬರು ಸೆರಗು ಸಿಕ್ಕಿಸಿಕೊಂಡು ಕಲ್ಲುಗಳ ಮೇಲೆ ಇಳಿಯುತ್ತಾರೆ. ಮೂರು ಸಲ ಬೊಗಸೆಯಲ್ಲಿ ನೀರೆತ್ತಿ ಬಿಡುತ್ತಾರೆ. ಸೆರಗಿನ ಗಂಟು ಬಿಚ್ಚಿ ಚಿಟಿಕೆ ಅರಿಶಿನ ತೇಲಿಸುತ್ತಾರೆ. ‘ಸಾಂತವ್ವ ತಾಯಿ’ ಅನ್ನುವುದಷ್ಟೇ ನನ್ನ ಕಿವಿಗೆ ಬೀಳುತ್ತದೆ.

ಈ ನೆಲ ಸೂಳೆಯರದಾಗಿತ್ತಂತೆ. ಅರಸನ ಮಗಳು ಸಾಂತವ್ವ ಕೆರೆ ಕಟ್ಟಿಸಲು ಜಾಗ ಕೇಳಿದಾಗ, ಕೆರೆಗೆ ನಮ್ಮ ಹೆಸರೇ ಇರಬೇಕು ಅಂದರಂತೆ ಅವರು. ಆಕೆ ಒಪ್ಪಿದಳು. ಶಾಂತಿಸಾಗರ ಎಂಬ ಹೆಸರು ಬಂದರೂ ಸುತ್ತಲಿನ ಹಳ್ಳಿಗಳ ಬಾಯಲ್ಲಿ ಇದು ಇಂದಿಗೂ ಸೂಳೆಕೆರೆಯೇ.

“ಎಲ್ಲಿಗೆ ಅಜ್ಜಿ, ಇಷ್ಟು ಹೊತ್ತಿಗೇ?”

“ಹರಿಹರಕ್ಕಪ್ಪ. ಮಾತೆ ಜಾತ್ರಿ ಐತಲ್ಲ. ಮಮ್ಮಗನಿಗೆ ಜ್ವರ ಬಂದಾಗ ಹರಕೆ ಹೊತ್ತಿದ್ದೆ.”

“ಇಲ್ಲಿ ಸಾಂತವ್ವ, ಅಲ್ಲಿ ಮಾತೇನಾ?”

“ಈ ನೀರೂ ಅಲ್ಲಿಗೇ ಹೋಗಾದು. ನಾನೂ ಹೊಂಟೆ.”

ಅಜ್ಜಿ ಹೇಳಿದ್ದು ನಿಜ. ಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಹರಿದ್ರಾ ಅಂದರೆ ಅರಿಶಿನ.

ದಾವಣಗೆರೆಯಲ್ಲಿ ಬಸ್ ಬದಲಿಸಿ ಹರಿಹರ ತಲುಪುವಷ್ಟರಲ್ಲಿ ಆರೋಗ್ಯ ಮಾತೆ ಮರಿಯಳ ಚರ್ಚಿನ ಮುಂದೆ ಕಾಲಿಡಲು ಜಾಗವಿಲ್ಲ. ಹೊನ್ನಾಳಿ, ನ್ಯಾಮತಿ ಕಡೆಯವರು, ಜಗಳೂರಿನಿಂದ ರಾತ್ರಿಯೇ ಹೊರಟವರು. ಬಿಸಿ ಮೇಣದ ವಾಸನೆ, ಮಲ್ಲಿಗೆಯ ವಾಸನೆ. ಕುಂಕುಮದ ಹಣೆಗಳೇ ಹೆಚ್ಚು. ಇದೇ ಊರಿನಲ್ಲಿ 1224ರಲ್ಲಿ ಹೊಯ್ಸಳರ ಮಂತ್ರಿ ಪೋಲಾಳ್ವ ಕಟ್ಟಿಸಿದ ಗುಡಿಯಿದೆ; ಅಲ್ಲಿ ಶಿವ ಅರ್ಧ, ವಿಷ್ಣು ಅರ್ಧ, ಎರಡೂ ಒಂದೇ ಕಲ್ಲಿನಲ್ಲಿ.

ಸಾಲು ಇಂಚಿಂಚಾಗಿ ಸರಿಯುತ್ತದೆ. ನನ್ನ ಮನಸ್ಸು ಎಫೆಸಸ್‌ಗೆ ಹೋಗುತ್ತದೆ. ಆರ್ಟೆಮಿಸ್ ದೇವಿಯ ಗುಡಿಯಿಂದಲೇ ಹೆಸರಾದ ಊರದು. ಮರಿಯಳನ್ನು ದೇವಮಾತೆ ಎಂದು ಕ್ರೈಸ್ತ ಗುರುಗಳ ಸಭೆ ಎತ್ತಿಹಿಡಿದದ್ದೂ ಅಲ್ಲಿಯೇ, 431ರಲ್ಲಿ. ಈಜಿಪ್ಟಿನವರು ಮಗ ಹೋರಸ್‌ಗೆ ಮೊಲೆಯೂಡುವ ಐಸಿಸ್‌ಳನ್ನು ಅದಕ್ಕೂ ಎಷ್ಟೋ ಶತಮಾನ ಮೊದಲೇ ಕೆತ್ತಿದ್ದರು. ಹಾಗಂತ ಯೇಸುವಿನ ಕಥೆಯೇ ಕದ್ದದ್ದು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹೋರಸ್ ಕನ್ಯೆಗೆ ಹುಟ್ಟಿದವನೆಂದು ಅವರು ಹೇಳುತ್ತಾರೆ. ಈಜಿಪ್ಟಿನ ಕಥೆಯಲ್ಲಿ ಐಸಿಸ್ ಸತ್ತ ಗಂಡನಿಗೆ ಮರಳಿ ಜೀವ ತುಂಬಿ ಅವನಿಂದಲೇ ಬಸಿರಾಗುತ್ತಾಳೆ. ಅದು ಬೇರೆಯೇ ಕಥೆ, ಬೇರೆಯೇ ದುಃಖ. ಹೋಲಿಕೆಯನ್ನು ಕ್ರೈಸ್ತರೇನೂ ಮುಚ್ಚಿಡಲಿಲ್ಲ. 150ರ ದಶಕದಲ್ಲಿ ಜಸ್ಟಿನ್ ಎಂಬಾತ ರೋಮಿನ ಚಕ್ರವರ್ತಿಗೆ ಬರೆದ ಮನವಿಯಲ್ಲಿ, ಕನ್ಯೆಗೆ ಹುಟ್ಟಿದವನೆಂದು ನೀವೂ ಪರ್ಸಿಯಸ್‌ನನ್ನು ನಂಬುವುದಿಲ್ಲವೇ ಎಂದು ಮುಖಕ್ಕೇ ಕೇಳಿದ್ದ.

ಹಳೆಯದರಿಂದ ಹೊಸದಕ್ಕೆ ನಡೆದುಬಂದದ್ದು ಜಾಗ, ಹಬ್ಬ, ಕೈಯ ರೂಢಿ. ಪೋಪ್ ಗ್ರೆಗರಿಗೆ ಇದು ಗೊತ್ತಿತ್ತು. 601ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಪಾದ್ರಿಗೆ ಆತ ಪತ್ರ ಬರೆದ: ವಿಗ್ರಹ ಒಡೆಯಿರಿ, ಗುಡಿ ಕೆಡವಬೇಡಿ, ತೀರ್ಥ ಚಿಮುಕಿಸಿ, ಪೀಠ ಇಡಿ, ಜನ ಬಂದು ರೂಢಿಯಾದ ಜಾಗಕ್ಕೇ ಬರಲಿ. ವಿಗ್ರಹ ಕಳೆದುಕೊಂಡವರ ಸಂಕಟಕ್ಕೆ ಆ ಪತ್ರದಲ್ಲಿ ಜಾಗವಿಲ್ಲ, ಅದು ನನಗೆ ನೋವು. ಆದರೂ ಕಾಲಿಗೆ ದಾರಿ ಗೊತ್ತಿರುತ್ತದೆ ಎಂಬುದನ್ನು ಆತ ಬಲ್ಲವನಾಗಿದ್ದ.

ಅಜ್ಜಿಯ ಸರದಿ ಬರುತ್ತದೆ. ಮೇಣದಬತ್ತಿ ಹಚ್ಚಿ, ಆರತಿಗೆ ಮಾಡಿದಂತೆ ಎರಡೂ ಅಂಗೈ ಕಾಯಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮತ್ತೆ ಸೆರಗಿನ ಗಂಟಿಗೆ ಕೈ ಹೋಗುತ್ತದೆ. ಬೆಳಗಿನ ಅರಿಶಿನ ಇನ್ನೂ ಚೂರು ಉಳಿದಿದೆ. ಪಕ್ಕದಲ್ಲಿ ಶಿಲುಬೆಯ ಸರ ಹಾಕಿಕೊಂಡ ಹುಡುಗಿ ಅದನ್ನು ನೋಡಿ, ತನ್ನ ಬತ್ತಿಯನ್ನು ಒಂದಿಷ್ಟು ಆಚೆ ಸರಿಸುತ್ತಾಳೆ.